ವಾಪಸ್ ಕೊಟ್ಟ ಕಾರಿನ ಬಿಲ್ಲು

ಕಾರು ಮನೆ ಬಿಟ್ಟು ಹೋದ ಮೇಲೆ ಕಾರಿನ ಬಿಲ್ಲು ಮನೆಗೆ ಬಂತು.

ಬಾಗಿಲ ಸಂದಿಯಿಂದ ಜಾರಿ ಬಿದ್ದ ಲಕೋಟೆಯನ್ನು ಹೆಂಡತಿ ಎತ್ತಿಕೊಂಡಳು, ನಿಂತಲ್ಲೇ ಓದಿದಳು, ತಂದು ಗಂಡನ ತಟ್ಟೆಯ ಪಕ್ಕ ಇಟ್ಟಳು. ಗಂಡ ಸೋಫಾ, ಕುರ್ಚಿ, ಗಾಡಿಯ ಸೀಟುಗಳಿಗೆ ಮೆತ್ತೆ ತುಂಬಿ ಬಟ್ಟೆ ಹೊದಿಸುವವನು. ಬೀದಿಯವರೆಲ್ಲ ಅವನನ್ನು ಕರೆಯುವುದು ಕುಶನ್ ಎಂದೇ. ಕೆಲಸ ಮೆತ್ತಗಿನದು, ಮನುಷ್ಯ ಮಾತ್ರ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು. ಕಾಗದ ಓದುತ್ತಿದ್ದಂತೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

ಕಾರಿಗೆ ಸಾಲ ಕೊಟ್ಟ ಕಂಪನಿ ಬರೆದಿತ್ತು: ತಾವು ಅವಧಿಗೆ ಮುಂಚೆ ಹಿಂದಿರುಗಿಸಿದ ಕಾರಿನಲ್ಲಿ ಹಾನಿ ಕಂಡುಬಂದಿದೆ. ಮುಂದಿನ ಎರಡೂ ಸೀಟಿನ ಬಟ್ಟೆ ಬದಲಾಯಿಸಲಾಗಿದೆ, ಹೊಸದು ಹಾಕಬೇಕು. ಬಾಗಿಲಿನಲ್ಲಿ ತಗ್ಗು ಬಿದ್ದಿದೆ. ಬಾನೆಟ್ಟಿನ ಮೇಲೆ ಗೀರುಗಳಿವೆ. ಹಿಂದಿನ ಚಕ್ರದ ರಿಮ್ ಉಜ್ಜಿದೆ. ಕೆಳಗೆ ಒಟ್ಟು ಮೊತ್ತ. ಅದರ ಕೆಳಗೆ ದಪ್ಪಕ್ಷರದಲ್ಲಿ, ಕಟ್ಟದಿದ್ದರೆ ಮುಂದಿನ ಕ್ರಮ. ಮುಂದಿನ ಕ್ರಮ ಎಂದರೆ ಏನೆಂದು ಹೇಳಿರಲಿಲ್ಲ. ಹೇಳದೆ ಬಿಟ್ಟರೆ ಜನ ತಾವಾಗಿಯೇ ಹೆದರಿಕೊಳ್ಳುತ್ತಾರೆ ಎನ್ನುವುದು ಬರೆದವರಿಗೆ ಚೆನ್ನಾಗಿ ಗೊತ್ತು.

ಆ ಮೊತ್ತವನ್ನು ನೋಡಿ ಗಂಡ ಹೆಂಡತಿ ಇಬ್ಬರೂ ಒಂದೇ ಸಲ ಕಪಾಟಿನ ಕಡೆ ತಿರುಗಿದರು. ಕಪಾಟಿನಲ್ಲಿದ್ದದ್ದು ದಪ್ಪ ಬಟ್ಟೆ ಹೊಲಿಯುವ ಯಂತ್ರಕ್ಕೆಂದು ಕೂಡಿಟ್ಟ ಹಣ. ಹೆಂಡತಿ ಬೇರೆಯವರ ಅಂಗಡಿಯಲ್ಲಿ, ಬೇರೆಯವರ ಯಂತ್ರದ ಮೇಲೆ, ಕೂಲಿಗೆ ಹೊಲಿಯುತ್ತಿದ್ದಳು. ಪಕ್ಕದ ರಸ್ತೆಯ ಸಿನಿಮಾ ಮಂದಿರದವರು, ನಿಮ್ಮದೇ ಯಂತ್ರ ಬರಲಿ, ನಮ್ಮ ಕುರ್ಚಿಗಳ ಕೆಲಸವೆಲ್ಲ ನಿಮಗೇ ಎಂದು ಮಾತು ಕೊಟ್ಟಿದ್ದರು. ಬಿಲ್ಲು ಕಟ್ಟಿದರೆ ಯಂತ್ರವಿಲ್ಲ, ಯಂತ್ರವಿಲ್ಲದಿದ್ದರೆ ಆ ಕೆಲಸವೂ ಇಲ್ಲ.

ಕಾರು ಕೊಂಡದ್ದೂ ಕೆಲಸಕ್ಕಾಗಿಯೇ. ಊರಿನ ಆ ತುದಿಯ ಪೀಠೋಪಕರಣದ ಅಂಗಡಿಗೆ ದಿನವೂ ಮೆತ್ತೆ ಸಾಗಿಸಬೇಕಿತ್ತು. ಯಾರೋ ಓಡಿಸಿ ಬಿಟ್ಟ ಕಾರನ್ನು ಕಂತಿನ ಮೇಲೆ ತಂದರು. ಅಂಗಡಿ ಮುಚ್ಚಿತು. ಕಾರು ಮನೆ ಮುಂದೆ ನಿಂತಿತು, ಕಂತು ನಿಲ್ಲಲಿಲ್ಲ. ಆಗ ಒಪ್ಪಂದದ ಹಾಳೆಗಳನ್ನು ಕೂತು ಓದಿದವಳು ಹೆಂಡತಿ. ಇಷ್ಟು ಭಾಗ ಕಟ್ಟಿ ಮುಗಿಸಿದವರು ಕಾರನ್ನು ವಾಪಸ್ ಕೊಟ್ಟು ಉಳಿದ ಕಂತುಗಳಿಂದ ಬಿಡುಗಡೆ ಪಡೆಯಬಹುದು ಎಂಬ ಸಾಲು ಅವಳ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಕೆಟ್ಟದ್ದು ಕುಶನ್‌ನ ಅಭಿಮಾನದಿಂದ. ಅವನ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಸದಾ ಒಂದು ಕತ್ತರಿ. ಅದರ ಮೊನೆ ಚುಚ್ಚಿ ಚುಚ್ಚಿ ಡ್ರೈವರ್ ಸೀಟಿನಲ್ಲಿ ಉಗುರಿನಷ್ಟು ತೂತಾಗಿತ್ತು. ಸೀಟು ಹೊಲಿಯುವವನ ಕಾರಿನ ಸೀಟೇ ಹರಿದಿದೆ ಎಂದು ನಾಲ್ಕು ಜನ ಆಡಿಕೊಂಡರೆ ಮುಖ ಎಲ್ಲಿಡುವುದು? ವಾಪಸ್ ಕೊಡುವ ಹಿಂದಿನ ದಿನ ಎರಡೂ ಸೀಟಿನ ಬಟ್ಟೆ ಬಿಚ್ಚಿ, ತನ್ನಲ್ಲಿದ್ದ ಒಳ್ಳೆಯ ಬಟ್ಟೆಯಲ್ಲಿ ಕೈಯಿಂದಲೇ ಜೋಡಿ ಹೊಲಿಗೆ ಹಾಕಿ ಹೊದಿಸಿದ. ಕಂಪನಿಯವರು ಗಾಡಿ ನಿಲ್ಲಿಸುವ ಯಾರ್ಡಿನಲ್ಲಿ ಭೇಷ್ ಎನ್ನುತ್ತಾರೆ ಎಂದು ಎದೆಯುಬ್ಬಿಸಿ ನಿಂತ. ಕಾರು ಪರೀಕ್ಷಿಸುವವನು ಸೀಟು ಒತ್ತಿ ನೋಡಿ, ಭೇಷ್ ಎನ್ನದೆ ಏನೋ ಗೀಚಿಕೊಂಡ. ಕುಶನ್‌ಗೆ ಎಷ್ಟು ಅವಮಾನವಾಯಿತೆಂದರೆ, ಪರೀಕ್ಷೆ ಮುಗಿಯುವ ತನಕ ಇರಿ ಎಂದರೂ ಕೇಳದೆ ಕೀಲಿ ಮೇಜಿನ ಮೇಲಿಟ್ಟು ನಡೆದುಬಿಟ್ಟ.

ಈಗ ಗಂಡ ಕಾಗದ ಹರಿಯಲು ಹೊರಟ, ಹೆಂಡತಿ ಹಣ ಎಣಿಸಲು ಹೊರಟಳು. ಅಷ್ಟರಲ್ಲಿ ಸೊಂಟಕ್ಕೊಂದು ಮೆತ್ತೆ ಮಾಡಿಸಿಕೊಳ್ಳಲು ಅತ್ತೆ ಬಂದಳು. ಅತ್ತೆ ಎಂದರೆ ಕುಶನ್‌ನ ತಂದೆಯ ತಂಗಿ, ಹಿಂದಿನ ಬೀದಿಯಲ್ಲಿ ಲಾಂಡ್ರಿ ನಡೆಸುವವಳು. ಗೋಡೆ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತು, ಗಿರಾಕಿಯ ಕೋಟಿನ ಜೇಬು ತಡಕುವ ಹಾಗೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಓದಿದಳು.

"ಹರಿ, ಹರಿ. ಕಾಗದ ಹರಿದ್ರೆ ಬಿಲ್ಲು ಸತ್ತೋಗತ್ತೆ ಅಂದ್ಕೊಂಡಿದ್ದೀಯಾ? ಇನ್ನೊಂದು ಬರತ್ತೆ, ಬಡ್ಡಿ ಹೊತ್ಕೊಂಡು," ಎಂದಳು.

"ಅದಕ್ಕೇ ಕಟ್ಬಿಡೋಣ ಅಂದೆ ಅತ್ತೆ," ಎಂದಳು ಹೆಂಡತಿ. "ಅವರು ದೊಡ್ಡೋರು. ನಮ್ಮ ಮಾತು ಯಾರು ಕೇಳ್ತಾರೆ?"

"ನೀನು ಹೇಳಿದ್ಯಾ, ಅವರು ಕೇಳ್ದೆ ಇರೋಕೆ?"

ಅತ್ತೆ ಕನ್ನಡಕ ತೆಗೆದಳು.

"ನನ್ನ ಅಂಗಡೀಗೆ ಒಂದು ಕೋಟು ಬಂದ್ರೆ ಏನ್ ಮಾಡ್ತೀನಿ? ಗಿರಾಕಿ ಎದುರಿಗೇ ಬಿಡಿಸಿ ಬೆಳಕಿಗೆ ಹಿಡೀತೀನಿ. ಇಲ್ಲಿ ಗುಂಡಿ ಇಲ್ಲ, ಇಲ್ಲಿ ಕಲೆ ಇದೆ, ನೋಡ್ಕೊಳ್ಳಿ ಅಂತೀನಿ. ಇಬ್ರೂ ಒಪ್ಪಿದ ಮೇಲೇನೇ ಚೀಟಿ. ನೋಡ್ದೆ ಒಳಗಿಟ್ಕೊಂಡ್ರೆ ಆಮೇಲೆ ಆ ಕಲೆ ಯಾರಪ್ಪಂದು? ನೀನು ಮೂಗು ತೂರಿಸ್ಬೇಕಾದ ಕಡೆ ಮೂಗು ಮುರ್ಕೊಂಡು ಬಂದ್ಯಲ್ಲೋ, ಅಲ್ಲೇ ಅರ್ಧ ಕೆಟ್ಟೆ."

ಕುಶನ್ ಗುರ್ ಎಂದ. ಅತ್ತೆ ಅವನ ಮುಖವನ್ನೂ ನೋಡದೆ, ಮೊಣಕೈ ಸವೆದ ಕೋಟಿಗೆ ಲಾಂಡ್ರಿಯವರು ದಂಡ ಹಾಕುವುದಿಲ್ಲ, ತೊಟ್ಟರೆ ಬಟ್ಟೆ ಸವೆಯುತ್ತದೆ, ಓಡಿದರೆ ಕಾರು ಸವೆಯುತ್ತದೆ, ಸವೆದದ್ದೂ ಕೆಡಿಸಿದ್ದೂ ಒಂದೇ ಅಲ್ಲ ಎಂದು ಬಿಡಿಸಿ ಹೇಳಿದಳು. ಆಮೇಲೆ ಬಿಲ್ಲನ್ನು ಅವನ ಮುಂದೆ ಹರಡಿ, ಇದರಲ್ಲಿ ಯಾವುದು ನಿಜ, ಯಾವುದು ಸುಳ್ಳು, ನಿನ್ನ ಕೋಪ ಪಕ್ಕಕ್ಕಿಟ್ಟು ಹೇಳು ಎಂದು ಕೂತಳು.

ರಿಮ್ ನಿಜ ಎಂದು ಕುಶನ್ ಒಪ್ಪಿಕೊಂಡ. ಅಡ್ಡ ಬಂದ ಒಬ್ಬನನ್ನು ಬೈಯಲು ಕಿಟಕಿಯಿಂದ ತಲೆ ಹೊರಹಾಕಿದಾಗ ಚಕ್ರ ಫುಟ್‌ಪಾತಿಗೆ ಉಜ್ಜಿತ್ತು. ಸೀಟಿಗೆ ಒಳ್ಳೆಯ ಬಟ್ಟೆ ಹಾಕಿದ್ದು ಹಾನಿ ಹೇಗಾದೀತು ಎಂದು ಕೇಳಿದ. ಬಾಗಿಲಿನ ತಗ್ಗು ಮಾತ್ರ ತನ್ನದಲ್ಲ, ಕಾರು ಬರುವಾಗಲೇ ಇತ್ತು ಎಂದ. ಯಾರು ನಂಬಬೇಕು ಎಂದು ಅತ್ತೆ ಕೇಳಿದಾಗ ಹೆಂಡತಿ ಮೊಬೈಲು ತಂದಳು. ಕಾರು ಬಂದ ದಿನವೇ ಅದಕ್ಕೆ ಒರಗಿ ನಿಂತು ತೆಗೆಸಿಕೊಂಡ ಫೋಟೋ. ಅವಳ ಮೊಣಕೈ ಪಕ್ಕದಲ್ಲೇ ಬಾಗಿಲಿನ ತಗ್ಗು, ಅವಳಷ್ಟೇ ಗತ್ತಿನಿಂದ ಪೋಸು ಕೊಟ್ಟಿತ್ತು.

ಕಂಪನಿಗೆ ಬರೆಯುವುದೆಂದಾಯಿತು. ಕುಶನ್ ಹೇಳುತ್ತ ಹೋದ, ಹೆಂಡತಿ ಬರೆಯುತ್ತ ಹೋದಳು. ಮೊದಲ ವಾಕ್ಯದಲ್ಲೇ ಹಗಲು ದರೋಡೆ ಬಂತು, ಎರಡನೆಯದರಲ್ಲಿ ಕಂಪನಿಯ ಮಾಲೀಕನ ಹೆತ್ತವರು ಬಂದರು. ಅತ್ತೆ ಎರಡಕ್ಕೂ ಅಡ್ಡಗೆರೆ ಎಳೆಸಿದಳು. ಬೈಗುಳ ಓದಿದವರು ಬೈಗುಳಕ್ಕೆ ಉತ್ತರ ಕೊಡುತ್ತಾರೆ, ಬಿಲ್ಲಿಗೆ ಕೊಡುವುದಿಲ್ಲ ಎಂದಳು. ಕೊನೆಗೆ ಉಳಿದದ್ದು ಇಷ್ಟು: ಈ ಬಿಲ್ಲಿಗೆ ನಮ್ಮ ತಕರಾರಿದೆ. ಪ್ರತಿಯೊಂದು ಹಾನಿಯ ಫೋಟೋ, ಪ್ರತಿಯೊಂದರ ಖರ್ಚು ಬೇರೆ ಬೇರೆಯಾಗಿ, ಎಷ್ಟು ಸವೆತ ಸಹಜ ಎಂಬ ನಿಮ್ಮದೇ ನಿಯಮದ ಪುಸ್ತಿಕೆ ಕಳಿಸಿ. ರಿಮ್ ಉಜ್ಜಿದ್ದು ನಮ್ಮಿಂದ, ಅದನ್ನು ಕೊಡುತ್ತೇವೆ. ಬಾಗಿಲಿನ ಫೋಟೋ ಜೊತೆಗಿದೆ. ತಕರಾರು ತೀರುವವರೆಗೆ ಉಳಿದದ್ದನ್ನು ತಡೆಹಿಡಿಯಿರಿ.

ಉತ್ತರ ಬಂತು. ಫೋಟೋಗಳು, ಬಿಡಿ ಬಿಡಿ ಲೆಕ್ಕ, ಪುಸ್ತಿಕೆ, ಜೊತೆಗೊಂದು ಸಿಹಿ ಮಾತು. ತಮ್ಮ ಮೇಲಿನ ಸದ್ಭಾವನೆಯಿಂದ ಒಟ್ಟು ಮೊತ್ತದಲ್ಲಿ ಕಾಲು ಭಾಗ ರಿಯಾಯಿತಿ ಕೊಟ್ಟಿದ್ದೇವೆ, ಕೂಡಲೇ ಕಟ್ಟಿ ಎಂದಿತ್ತು. ಕುಶನ್ ಅರಳಿಹೋದ. ಕಂಪನಿ ಬಗ್ಗಿತು, ಇಷ್ಟಕ್ಕೇ ಮುಗಿಸಿಬಿಡೋಣ, ಇನ್ನೂ ಎಳೆದಾಡಿದರೆ ಇದೂ ಹೋದೀತು ಎಂದ.

ಆಗ ಬಾಯಿ ಬಿಟ್ಟವಳು, ಮೊದಲ ದಿನ ಹಣ ಎಣಿಸಲು ಹೊರಟಿದ್ದ ಹೆಂಡತಿ.

"ಮಾಡ್ದೇ ಇರೋ ತಪ್ಪಿಗೆ ರಿಯಾಯಿತಿ ಯಾಕ್ರೀ? ಬಾಗಿಲು ನಮ್ದಲ್ಲ ಅಂದ್ರೆ ಪೂರ್ತಿ ನಮ್ದಲ್ಲ. ಕಾಲು ಭಾಗ ಅವರದ್ದು, ಮುಕ್ಕಾಲು ಭಾಗ ನಮ್ದು ಅಂತ ಇರತ್ತಾ?"

ಕುಶನ್ ಅವಳನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ. ಅವಳು ಪುಸ್ತಿಕೆ ಬಿಡಿಸಿ ಓದತೊಡಗಿದ್ದಳು. ಬಾನೆಟ್ಟಿನ ಮೇಲೆ ರಸ್ತೆಯ ಕಲ್ಲು ಸಿಡಿದ ಸಣ್ಣ ಗೀರು ಸಹಜ ಸವೆತ ಎಂದು ಕಂಪನಿಯದೇ ಪುಸ್ತಿಕೆ ಹೇಳುತ್ತಿತ್ತು. ಸೀಟಿನಲ್ಲಿ ಉಗುರಿಗಿಂತ ದೊಡ್ಡದಲ್ಲದ ತೂತಿಗೂ ದಂಡವಿಲ್ಲ ಎಂದಿತ್ತು. ಆದರೆ ಸೀಟಿನ ಬಟ್ಟೆ ಬದಲಾಯಿಸಿದ್ದರೆ ಪೂರ್ತಿ ಖರ್ಚು ಕಟ್ಟಬೇಕು. ಬಿಲ್ಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತ ಅದೇ. ಏನೂ ಮಾಡದೆ ಬಿಟ್ಟಿದ್ದರೆ ಏನೂ ಇರುತ್ತಿರಲಿಲ್ಲ. ಕುಶನ್ ಪುಸ್ತಿಕೆ ಕಿತ್ತುಕೊಂಡು ಆ ಸಾಲನ್ನು ತಾನೇ ಓದಿದ. ಎಲ್ಲರನ್ನೂ ಬೈದು ಮುಗಿಸಿ ಈಗ ಬೈಯಲು ಅವನಿಗೆ ಉಳಿದವನು ತಾನೊಬ್ಬನೇ.

ಅತ್ತೆ ಎಂದಿನಂತೆ ಬಂದು ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಹಳೇ ಬಟ್ಟೆ ಎಲ್ಲಿ ಎಂದು ಕೇಳಿದಳು.

ಕುಶನ್ ಅತ್ತೆ ಕೂತಿದ್ದ ಸ್ಟೂಲನ್ನೇ ನೋಡಿದ.

"ಏಳತ್ತೆ," ಎಂದ.

ಅವನ ಕಸುಬಿನಲ್ಲಿ ಬಟ್ಟೆ ಎಸೆಯುವ ಅಭ್ಯಾಸವೇ ಇಲ್ಲ. ಕತ್ತರಿಸಿದರೆ ಬೆಲೆ ಹೋಗುತ್ತದೆಂದು ಒಂದು ಸೀಟಿನ ಬಟ್ಟೆಯನ್ನು ಹಾಗೇ ಮಡಚಿ ಸ್ಟೂಲಿಗೆ ಹೊದಿಸಿದ್ದ, ಇನ್ನೊಂದನ್ನು ಒಳಗೆ ಮೆತ್ತೆಯಾಗಿ ತುರುಕಿದ್ದ. ಬ್ಲೇಡಿನಿಂದ ಹೊಲಿಗೆ ಬಿಡಿಸಿದ. ಎರಡೂ ಇಡಿಯಾಗಿದ್ದವು. ಕತ್ತರಿ ಚುಚ್ಚಿದ ತೂತಿನ ಮೇಲೆ ಹೆಂಡತಿ ತನ್ನ ಕಿರುಬೆರಳಿನ ಉಗುರಿಟ್ಟು ನೋಡಿದಳು. ಉಗುರೇ ದೊಡ್ಡದಿತ್ತು. ದಿನಾ ಬಂದು ಸಾಕ್ಷಿಯ ಮೇಲೆ ಕೂತು ಹೋಗುತ್ತಿದ್ದೆನಲ್ಲ ಎಂದು ಅತ್ತೆ ಸೊಂಟ ಹಿಡಿದುಕೊಂಡು ನಕ್ಕಳು.

ಎರಡನೆಯ ಕಾಗದ ಹೋಯಿತು. ಬಾಗಿಲಿಗೆ ಹಳೆಯ ಫೋಟೋವನ್ನೂ ಬಾನೆಟ್ಟಿನ ಗೀರಿಗೆ ಪುಸ್ತಿಕೆಯ ಸಾಲನ್ನೂ ಅದರಲ್ಲಿ ತೋರಿಸಿದರು. ಕಾರು ಇನ್ನೂ ಮಾರಾಟವಾಗದೆ ಯಾರ್ಡಿನಲ್ಲೇ ಇದೆ ಎಂದು ಮೊದಲೇ ವಿಚಾರಿಸಿಕೊಂಡು, ಮೂಲ ಬಟ್ಟೆಯನ್ನು ನಾವೇ ಬಂದು ನಿಮ್ಮೆದುರಿಗೇ ಹಾಕಿಕೊಡುತ್ತೇವೆ, ಮತ್ತೆ ಪರೀಕ್ಷೆ ಮಾಡಿ ಎಂದು ಕೇಳಿದರು. ಇದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಗ್ರಾಹಕರ ದೂರು ಕೇಳುವ ಕಚೇರಿಗೆ ಹೋಗುತ್ತೇವೆ ಎಂದೂ ಮರ್ಯಾದೆಯಿಂದಲೇ ಸೇರಿಸಿದರು. ಬನ್ನಿ ಎಂದು ಫೋನು ಬಂತು.

ಯಾರ್ಡಿನಲ್ಲಿ ಅದೇ ಪರೀಕ್ಷಕ. ಕುಶನ್ ಕಾರಿನ ಬಾಗಿಲು ತೆರೆದು ಮಂಡಿಯೂರಿ ಕೂತು, ತಾನು ಹಾಕಿದ ಜೋಡಿ ಹೊಲಿಗೆಯನ್ನು ತಾನೇ ಬಿಡಿಸಿದ. ಆ ನೋವು ಕಸುಬಿನವರಿಗೇ ಗೊತ್ತು. ಹಳೆಯ ಬಟ್ಟೆಯನ್ನು ಸುಕ್ಕಿಲ್ಲದೆ ಎಳೆದು ಕೂರಿಸಿದ. ಪರೀಕ್ಷಕ ಬಿಚ್ಚಿಟ್ಟ ಬಟ್ಟೆಯ ಮೇಲೆ ಬೆರಳಾಡಿಸಿದ.

"ನಿಜ ಹೇಳ್ಬೇಕಂದ್ರೆ ಇದೇ ಚೆನ್ನಾಗಿತ್ತು ಸಾರ್," ಎಂದ. "ಆದ್ರೆ ನಮ್ಮ ಫಾರಮ್ಮಲ್ಲಿ ಚೆನ್ನಾಗಿದೆ ಅಂತ ಬರೆಯೋಕೆ ಜಾಗಾನೇ ಇಲ್ಲ."

ಕುಶನ್‌ಗೆ ನಗು ಬಂತು. ಕಾರಿನ ಸುತ್ತ ಪರೀಕ್ಷಕನ ಜೊತೆಯಲ್ಲೇ ಒಂದು ಸುತ್ತು ಹಾಕಿದ. ಬಾಗಿಲು, ಬಾನೆಟ್ಟು, ಸೀಟು, ರಿಮ್ ಒಂದೊಂದನ್ನೂ ಇಬ್ಬರೂ ನೋಡಿದರು. ಹೆಂಡತಿ ಫೋಟೋ ತೆಗೆದಳು. ಬರೆದದ್ದನ್ನು ಪೂರ್ತಿ ಓದಿಸಿಕೊಂಡು, ಸಹಿ ಹಾಕಿದ ಪ್ರತಿ ಕೈಗೆ ಬಂದ ಮೇಲೆಯೇ ಅವನು ಯಾರ್ಡಿನಿಂದ ಹೊರಟ.

ಹೊಸ ಬಿಲ್ಲಿನಲ್ಲಿ ಇದ್ದದ್ದು ರಿಮ್ ಒಂದೇ. ಅದನ್ನು ಕುಶನ್ ಮರುಮಾತಿಲ್ಲದೆ ಕಟ್ಟಿದ. ಬೈಯಲು ಹೋದದ್ದಕ್ಕೆ ದಂಡ ಕಟ್ಟಿದ್ದು ಇದೇ ಮೊದಲಲ್ಲ ಎಂದು ಹೆಂಡತಿ ಅಣಕಿಸಿದಳು. ಮುಂದಿನ ವಾರ ಯಂತ್ರ ಬಂತು. ಬಾಗಿಲಲ್ಲಿ ಹಿಡಿಸದೆ, ಬಾಗಿಲನ್ನೇ ಕಳಚಿ ಒಳಗೆ ತಂದರು. ಸಿನಿಮಾ ಮಂದಿರದ ಮೊದಲ ಕುರ್ಚಿಯ ಬಟ್ಟೆಯನ್ನು ಅವಳು ಸೂಜಿಯ ಕೆಳಗಿಟ್ಟು ಪೆಡಲು ಒತ್ತಿದಾಗ ಇಡೀ ಮನೆ ಗುಡುಗಿತು. ಮೊದಲ ಬಾರಿಗೆ ಅವಳ ಹೊಲಿಗೆಯ ಹಣ ಪೂರ್ತಿ ಅವಳ ಮನೆಯಲ್ಲೇ ಉಳಿಯಿತು.

ಈಗ ನಿಮ್ಮ ಮಾತಿಗೆ ಬರೋಣ. ಕಂತಿನ ಮೇಲೆ ತಂದ ಗಾಡಿ ನಿಮ್ಮ ಮನೆ ಮುಂದೆಯೂ ನಿಂತಿರಬಹುದು, ನಾಳೆ ಅದನ್ನು ಅವಧಿಗೆ ಮುಂಚೆ ಬಿಟ್ಟುಕೊಡುವ ಪರಿಸ್ಥಿತಿಯೂ ಬರಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಕೊಡುವ ಮುನ್ನ ಒಪ್ಪಂದ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ರಿಪೇರಿಗೆ ಕೈ ಹಚ್ಚುವ ಮೊದಲು ಕಂಪನಿಯನ್ನು ಕೇಳಿ. ಗಾಡಿ ಬಂದ ದಿನವೂ ಹೋಗುವ ದಿನವೂ ಸುತ್ತಲೂ ಫೋಟೋ ತೆಗೆದಿಡಿ. ಪರೀಕ್ಷೆ ಮುಗಿಯುವ ತನಕ ಅಲ್ಲೇ ನಿಂತಿರಿ, ಸಹಿ ಹಾಕಿದ ಪ್ರತಿ ಇಲ್ಲದೆ ಹಿಂದಿರುಗಬೇಡಿ. ಬಿಲ್ಲು ಬಂದರೆ ಹೆದರಿ ಕಟ್ಟಲೂ ಬೇಡಿ, ಸಿಟ್ಟಿನಲ್ಲಿ ಹರಿಯಲೂ ಬೇಡಿ. ಒಂದೊಂದು ಗೀರಿಗೂ ಫೋಟೋ ಕೇಳಿ, ಲೆಕ್ಕ ಕೇಳಿ. ನಿಮ್ಮಿಂದ ಆದದ್ದನ್ನು ಒಪ್ಪಿ, ಆಗದ್ದನ್ನು ಬರವಣಿಗೆಯಲ್ಲೇ ನಿರಾಕರಿಸಿ. ಒಂದೊಂದು ಕಡೆ ಒಂದೊಂದು ನಿಯಮವಿರುತ್ತದೆ, ತಿಳಿಯದಿದ್ದರೆ ನಿಮ್ಮಲ್ಲಿ ಗ್ರಾಹಕರ ದೂರು ಕೇಳುವವರ ಬಾಗಿಲು ತಟ್ಟಿ. ದಪ್ಪಕ್ಷರದಲ್ಲಿ ಬರೆದದ್ದೆಲ್ಲ ನಿಜವಾಗಿಬಿಡುವುದಿಲ್ಲ. ನಿಮ್ಮದಲ್ಲದ ಗೀರಿಗೆ ನಿಮ್ಮ ಮನೆಯ ಯಂತ್ರವನ್ನು ಕೊಟ್ಟುಬಿಡಬೇಡಿ.