ಕೈ ಎತ್ತದೆ ಬರೆದ ನಾಲ್ಕು

ಕರೆಂಟು ಬಿಲ್ಲು ಬಂದ ದಿನದಿಂದ ರಜನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಲೆಯ ಮೇಲೆ ಬೇಳೆ ಇಟ್ಟು ವರಾಂಡಕ್ಕೆ ಬರುವಳು, ಗ್ರಿಲ್ಲಿನ ಪಕ್ಕ ಎತ್ತರದಲ್ಲಿದ್ದ ಮೀಟರನ್ನು ನೋಡುವಳು, ಒಳಗೆ ಹೋಗಿ ಸೌಟು ಆಡಿಸಿ ಮತ್ತೆ ಬರುವಳು. ಮೀಟರಿನ ಗಾಜಿನ ಹಿಂದೆ ತೆಳ್ಳನೆಯ ತಟ್ಟೆ ತಿರುಗುತ್ತಿತ್ತು. ಅದರ ಅಂಚಿಗೊಂದು ಕೆಂಪು ಗುರುತು. ಬರೀ ಫ್ಯಾನು ಹಾಕಿದ್ದರೆ ಆ ಕೆಂಪು ಬಸುರಿಯ ಹಾಗೆ ನಿಧಾನ ನಡೆಯುತ್ತಿತ್ತು. ಇಸ್ತ್ರಿ ಪೆಟ್ಟಿಗೆ ಹಾಕಿದರೆ ಬೆನ್ನಿಗೆ ಬೆಂಕಿ ಬಿದ್ದಂತೆ ಓಡುತ್ತಿತ್ತು.

"ದಿಟ್ಟಿಸಿ ನೋಡಿದ್ರೆ ನಿಂತುಬಿಡತ್ತಾ ಅದು?" ಎಂದಳು ಅಕ್ಕ ಹೇಮಲತಾ, ಒಳಗಿನಿಂದಲೇ.

ರಜನಿ ಸೆರಗಿಗೆ ಕೈ ಒರೆಸಿಕೊಂಡು ಒಲೆಯ ಕಡೆ ನಡೆದಳು. ಮಾತು ಅವಳಿಗೆ ಬೇಗ ಬರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅಕ್ಕನಿಗೆ ಆಪರೇಷನ್ ಆದಾಗ, ಎರಡು ತಿಂಗಳ ಮಟ್ಟಿಗೆ ಅಂತ ಚಳ್ಳಕೆರೆಯಿಂದ ಅಹಮದಾಬಾದಿಗೆ ಬಂದವಳು ಇಲ್ಲೇ ಉಳಿದಿದ್ದಳು. ಭಾವ ಅನಂತರಾಮನಿಗೆ ಬ್ಯಾಂಕಿನ ಕೆಲಸ. ವರ್ಗವಾಗಿ ಬಂದು ಚಾಂದ್‌ಖೇಡಾದಲ್ಲಿ ಮನೆ ಹಿಡಿದಿದ್ದ. ಅವನೇ ರಜನಿಯ ಹೊಲಿಗೆಯ ಕೈ ಮಷೀನಿಗೆ ಹಳೆಯ ಮೋಟರೊಂದನ್ನು ಹುಡುಕಿ ತಂದು ಕೂರಿಸಿಕೊಟ್ಟಿದ್ದು. ಆಮೇಲೆ ಪಕ್ಕದ ಮನೆಯ ಕೋಕಿಲಾಬೆನ್ ಒಂದು ಸೀರೆಗೆ ಫಾಲ್ ಹೊಲಿಸಿದರು, ಅವರ ನಾದಿನಿ ಎರಡು ರವಿಕೆ ಹೊಲಿಸಿದರು. ಈ ಸಲ ನವರಾತ್ರಿಗೆ ಐದು ಚಣಿಯಾ ಬಂದಿದ್ದವು. ಗರಬಾ ಕುಣಿಯುವ ಹುಡುಗಿಯರು ಉಡುವ ದೊಡ್ಡ ಸುತ್ತಿನ ಲಂಗ ಅದು. ಒಂದೊಂದರ ಅಂಚೂ ಮನೆಯ ಉದ್ದಕ್ಕೆ ಹಾಸಿದರೂ ಮುಗಿಯದು.

ಮೋಟರು ಈಗ ಅಟ್ಟದ ಮೇಲಿತ್ತು. ಯಾವಾಗಲೂ ಎರಡು ತಿಂಗಳಿಗೆ ಇನ್ನೂರು ಯೂನಿಟ್ ದಾಟದ ಮನೆಗೆ ಐನೂರ ತೊಂಬತ್ತೊಂದು ಅಂತ ಬಿಲ್ಲು ಬಂದಿತ್ತು. ಅಕ್ಕ ಬಿಲ್ಲು ಓದಿದ ಕೈಯಲ್ಲೇ ಮೋಟರು ಬಿಚ್ಚಿದ್ದಳು.

"ನಿನ್ನ ಭಾವ ಸೂರತ್ತಿನಿಂದ ಬರಲಿ. ದೀಪಾವಳಿಗೆ ಊರಿಗೆ ಬಿಟ್ಟುಬರೋಕೆ ಹೇಳ್ತೀನಿ. ಮಾವ ಹೇಗೂ ಒಂದು ಗಂಡು ನೋಡಿಟ್ಟಿದಾರಂತಲ್ಲ."

ಭಾವ ಇನ್ಸ್‌ಪೆಕ್ಷನ್‌ಗೆಂದು ಸೂರತ್ತಿನ ಶಾಖೆಗೆ ಹೋಗಿ ಹತ್ತು ದಿನವಾಗಿತ್ತು. ಊರಿನಲ್ಲಿದ್ದ ಸೋದರಮಾವ ನೋಡಿಟ್ಟಿದ್ದ ಗಂಡಿಗೆ ಇದು ಎರಡನೆಯ ಸಂಬಂಧ. ರಜನಿ ಕೈಯಲ್ಲೇ ಮಷೀನಿನ ಚಕ್ರ ತಿರುಗಿಸುತ್ತ ಹೊಲಿದಳು. ಒಂದು ಮಾರು ಹೊಲಿಯುವಷ್ಟರಲ್ಲಿ ಭುಜ ನೋಯುತ್ತಿತ್ತು, ಏಳುತ್ತಿದ್ದಳು, ಮೀಟರಿನ ಹತ್ತಿರ ಹೋಗುತ್ತಿದ್ದಳು.

ಮೂರನೇ ದಿನ ಬೆಳಿಗ್ಗೆ ತಡೆಯಲಾರದೆ ಸ್ಟೂಲು ಎಳೆದು ಹತ್ತಿದಳು. ಒಂದು ಕಾಲು ಗಿಡ್ಡವಾದ ಸ್ಟೂಲು ಅದು, ಹತ್ತಿದವರನ್ನು ಅಲ್ಲಾಡಿಸುತ್ತಿತ್ತು. ಗಾಜಿಗೆ ಮೂಗು ತಾಗಿಸಿ ಅಂಕಿ ಓದಿದಳು: 3489. ಇಳಿದು ಬಿಲ್ಲು ನೋಡಿದಳು. ಅದರಲ್ಲಿ ಮೂರು ವಾರದ ಹಿಂದಿನ ರೀಡಿಂಗ್ ಅಂತ 3817 ಇತ್ತು.

"ಅಕ್ಕ, ಮೀಟರಲ್ಲಿ ಇನ್ನೂ ಅಷ್ಟು ಆಗೇ ಇಲ್ಲ."

ಹೇಮಲತಾ ತಾನೇ ಸ್ಟೂಲು ಹತ್ತಿ ನೋಡಿ ಬಂದಳು. ಮುಖ ಕೆಂಪಾಯಿತು, ಆದರೆ ಖುಷಿಗೆ. "ನೋಡಿದ್ಯಾ ಕಳ್ಳರನ್ನ! ಭಾಷೆ ಬರಲ್ಲ, ಏನು ಬರೆದ್ರೂ ಕಟ್ತಾರೆ ಅಂದುಕೊಂಡ್ರು. ಸೀರೆ ಉಟ್ಕೋ, ಹೋಗೋಣ."

"ಭಾವ ಬರಲಿ ಅಂತ..."

"ಕಟ್ಟೋಕೆ ನಾಳೆ ಕೊನೇ ದಿನ. ನಿನ್ನ ಭಾವ ಬರೋ ಹೊತ್ತಿಗೆ ಕರೆಂಟು ಕಿತ್ಕೊಂಡು ಹೋಗಿರ್ತಾರೆ. ನಾನು ಮಾತಾಡ್ತೀನಿ, ನೀನು ಗುಜರಾತಿಯಲ್ಲಿ ಹೇಳು ಸಾಕು."

ಅಕ್ಕನಿಗೆ ಗುಜರಾತಿ ಬರುತ್ತಿರಲಿಲ್ಲ, ಹಿಂದಿಯೂ ಅಷ್ಟಕ್ಕಷ್ಟೇ. ರಜನಿಗೆ ಬರುತ್ತಿತ್ತು. ಮಾತಾಡದವರಿಗೆ ಕೇಳಿಸಿಕೊಳ್ಳಲು ಸಮಯ ಜಾಸ್ತಿ. ತರಕಾರಿ ಗಾಡಿಯವನಿಂದ, ಕೋಕಿಲಾಬೆನ್ ಅವರ ಹರಟೆಯಿಂದ ಭಾಷೆ ಅವಳೊಳಗೆ ತಾನಾಗಿ ಇಳಿದಿತ್ತು. ಬಸ್ಸಿನ ಹಣೆಯ ಮೇಲಿನ ಗುಜರಾತಿ ಅಂಕಿಗಳನ್ನು ಒಂದೊಂದಾಗಿ ಕಲಿತಿದ್ದಳು. ನಾಲ್ಕನ್ನು ಮಾತ್ರ ಕಲಿಯಬೇಕಾಗಿ ಬಂದಿರಲಿಲ್ಲ. ಅದು ಅಪ್ಪನ ನಾಲ್ಕೇ ಆಗಿತ್ತು.

ಅಪ್ಪ ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ತೂಕದ ಕೆಲಸಕ್ಕಿದ್ದ. ತೂಗಿದ ಚೀಲಗಳ ಮೇಲೆ ಕುಂಚದಲ್ಲಿ ನಂಬರು ಬರೆಯುತ್ತಿದ್ದ. ಕಣ್ಣು ಮಂಜಾದಾಗ, ಏಳನೇ ಕ್ಲಾಸು ಮುಗಿಸಿದ್ದ ರಜನಿಯನ್ನು ಶಾಲೆ ಬಿಡಿಸಿ ಜೊತೆಗೆ ಕೂರಿಸಿಕೊಂಡ. "ಇಂಗ್ಲಿಷ್ ನಾಲ್ಕಕ್ಕೆ ಎರಡು ಸಲ ಕೈ ಎತ್ತಬೇಕು, ಬಣ್ಣ ಸೋರುತ್ತೆ. ನಮ್ಮ ನಾಲ್ಕಕ್ಕೆ ಕೈ ಎತ್ತೋ ಹಾಗೇ ಇಲ್ಲ ನೋಡು," ಎಂದು ಒಂದೇ ಎಳೆತಕ್ಕೆ ಸುತ್ತಿ ತೋರಿಸುತ್ತಿದ್ದ. ಅಪ್ಪ ಹೋಗಿ ನಾಲ್ಕು ವರ್ಷವಾಗಿತ್ತು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತು ತನ್ನ ಮಾತುಗಳನ್ನು ಹರಿತ ಮಾಡಿಕೊಳ್ಳುತ್ತಿದ್ದಳು. ರಜನಿ ಬಿಲ್ಲನ್ನು ಮಡಿಸಿ, ಬಿಚ್ಚಿ, ಮಡಿಸಿ, ಅದರ ಮಡಿಕೆ ಹರಿಯುವ ಹಾಗಾಯಿತು. ಎಲ್ಲೋ ಏನೋ ತಪ್ಪಿತ್ತು. ಆ ರೀಡಿಂಗಿನ ದಿನ ಮನೆಗೆ ಬೀಗವಿತ್ತಲ್ಲವೇ? ಮೀಟರಿನವನು ಬಾಗಿಲ ಸಂದಿಯಲ್ಲಿ ಒಂದು ಕಾರ್ಡು ತೂರಿಸಿ ಹೋಗಿದ್ದ. ನೀವೇ ನೋಡಿ ಬರೆದು ಹಾಕಿ ಅಂತ. ಅಕ್ಕ ನಾಳೆ ನಾಳೆ ಅಂತ ಮರೆತಿದ್ದಳು. ಅದೇ ಸ್ಟೂಲು ಹತ್ತಿ, ಗೋಡೆಗೆ ಕಾರ್ಡು ಒತ್ತಿಕೊಂಡು ಬರೆದು, ಕರೆಂಟು ಕಂಪನಿಯ ಡಬ್ಬಿಗೆ ಹಾಕಿ ಬಂದವಳು ತಾನೇ. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ "ಏಳನೇ ಕ್ಲಾಸಿನವಳಿಗೆ ಯಾಕೆ ಈ ಉಸಾಬರಿ" ಅನ್ನುತ್ತಿದ್ದಳು ಅಕ್ಕ. ಆದರೆ ತಾನು ಸರಿಯಾಗಿಯೇ ಬರೆದಿದ್ದಳು, ಎರಡು ಸಲ ತಾಳೆ ನೋಡಿದ್ದಳು. ಆ ಧೈರ್ಯ ಮಾಡಿಕೊಂಡೇ ಬಸ್ಸಿಳಿದಳು.

ಕಂಪನಿಯ ಆಫೀಸಿನಲ್ಲಿ ಫ್ಯಾನುಗಳು ಗರಗರ ತಿರುಗುತ್ತಿದ್ದವು. ಸಾಲು ಸರಿದು ಸರಿದು ಅವರ ಸರದಿ ಬಂದಾಗ ಹನ್ನೆರಡಾಗಿತ್ತು. ಕೌಂಟರಿನಲ್ಲಿ ಮೀಸೆಯ ಗುಮಾಸ್ತನೊಬ್ಬ ಬಿಲ್ಲನ್ನು ಬೆರಳ ತುದಿಯಲ್ಲಿ ಎಳೆದುಕೊಂಡ.

"ಶು ಥಯು, ಬೆನ್?" ಏನಾಯ್ತಮ್ಮ ಅಂತ.

ಹೇಮಲತಾ ಕಿಂಡಿಗೆ ಮುಖ ತಂದಳು. "ಕೇಳು ಅವನನ್ನ, ನಾವೇನು ಮನೇಲಿ ಸಿನಿಮಾ ಟಾಕೀಸ್ ನಡೆಸ್ತೀವಾ ಅಂತ! ಇವರ ಮೀಟರಿಗೆ ದೆವ್ವ ಹಿಡಿದಿದೆಯೋ, ಬರೆಯೋನಿಗೆ ಹಿಡಿದಿದೆಯೋ? ಹಗಲುದರೋಡೆ ಅನ್ನು!"

ರಜನಿ ಗುಜರಾತಿಯಲ್ಲಿ ಮೆಲ್ಲಗೆ ಹೇಳಿದಳು, "ಬಿಲ್ಲು ಸ್ವಲ್ಪ ಜಾಸ್ತಿ ಬಂದಿದೆ. ಒಂದು ಸಲ ನೋಡ್ತೀರಾ ಅಂತಿದಾರೆ."

ಗುಮಾಸ್ತ ಅಕ್ಕನನ್ನೂ ತಂಗಿಯನ್ನೂ ನೋಡಿದ. "ಅಷ್ಟು ಉದ್ದ ಹೇಳಿದ್ದು ಇಷ್ಟೇನಾ?"

"ನಮ್ಮ ಭಾಷೆ ಸ್ವಲ್ಪ ಉದ್ದ."

ಅವನಿಗೆ ನಗು ಬಂತು. ರಜನಿ ಮನೆಯ ಮೀಟರಿನಲ್ಲಿ ಈಗಿರುವ ಅಂಕಿ ಹೇಳಿದಳು. ನಗು ಅಲ್ಲಿಗೇ ನಿಂತಿತು.

"ಮೂರು ವಾರದ ಹಿಂದೆ 3817 ಇದ್ದ ಮೀಟರು ಇವತ್ತು 3489 ಹೇಗಾಗತ್ತೆ? ಮೀಟರು ಹಿಂದಕ್ಕೆ ನಡೆಯಲ್ಲ ಬೆನ್, ಯಾರಾದರೂ ನಡೆಸಬೇಕು. ಚೆಕ್ಕಿಂಗ್‌ನವರನ್ನ ಕಳಿಸ್ತೀವಿ. ಇದು ಚೋರಿ ಕೇಸು."

"ಚೋರಿ" ಅನ್ನುವುದು ಅಕ್ಕನಿಗೆ ಅರ್ಥವಾಯಿತು. "ಯಾರು ಚೋರ? ನಮ್ಮ ಯಜಮಾನ್ರು ಬ್ಯಾಂಕ್ ಆಫೀಸರು! ಇಂಥ ಮಾತು ಅವರ ಮ್ಯಾನೇಜರ ಕಿವಿಗೆ ಬಿದ್ದರೆ ಗತಿಯೇನು? ರಜನಿ, ಹೇಳೇ ಅವನಿಗೆ! ಬಾಯಿಗೆ ಬೀಗ ಬಿತ್ತಾ?"

ರಜನಿ ಕಿಂಡಿಗೆ ಹತ್ತಿರ ಸರಿದಳು. ರೀಡಿಂಗ್ ಯಾರು ತೆಗೆದದ್ದು ಎಂದು ಕೇಳಿದಳು. ಗುಮಾಸ್ತ ಗೊಣಗುತ್ತ ಎದ್ದು ಹೋಗಿ, ದಾರದಲ್ಲಿ ಕಟ್ಟಿದ್ದ ಕಾರ್ಡುಗಳ ಕಟ್ಟು ತಂದು, ಉಗುಳು ಹಚ್ಚಿ ಒಂದೊಂದೇ ತಿರುವಿದ. ಕೊನೆಗೊಂದನ್ನು ಎಳೆದು ಕಟ್ಟೆಯ ಮೇಲಿಟ್ಟ.

"ನೋಡಿ. ನಿಮ್ಮ ಮನೆಯವರೇ ಬರೆದುಕೊಟ್ಟಿದ್ದು. ಮೂರು, ಎಂಟು, ಒಂದು, ಏಳು."

ರಜನಿ ನೋಡಿದಳು. ನೀಲಿ ಶಾಯಿ, ಗೋಡೆಯ ತರಿತರಿ ಮೂಡಿದ ಗೆರೆ: 3೪17.

ಮೂರು ಎಲ್ಲರ ಮೂರು. ಒಂದು, ಏಳು ಎಲ್ಲರವೇ. ನಡುವೆ ಅಪ್ಪನ ನಾಲ್ಕು, ಒಂದೇ ಎಳೆತಕ್ಕೆ ಸುತ್ತಿದ್ದು, ನೆತ್ತಿ ಬಿಟ್ಟುಕೊಂಡ ಎಂಟಿನ ಹಾಗೆ ಕೂತಿತ್ತು.

ಅಕ್ಕ ಕಾರ್ಡನ್ನು ಕಸಿದುಕೊಂಡು ಹಿಂದೆ ಮುಂದೆ ನೋಡಿದಳು. ಬಿ.ಎ. ಓದಿದ ಅವಳ ಅಕ್ಷರ ಮುತ್ತು ಪೋಣಿಸಿದಂಥದು. "ಇದು ನನ್ನ ಬರಹ ಅಲ್ಲ. ನಿನ್ನ ಭಾವಂದೂ ಅಲ್ಲ. ಸಿಕ್ಕಿಬಿದ್ದ ನೋಡು! ಇವರೇ ಕೂತು ಬರೆದು ನಮ್ಮ ಹೆಸರಿಗೆ ಹಚ್ಚಿದಾರೆ. ಕೇಳು, ಯಾವ ಕಳ್ಳ ಬರೆದಿದ್ದು ಅಂತ ಕೇಳು!"

"ಏನಂತಾರೆ?" ಎಂದ ಗುಮಾಸ್ತ.

ರಜನಿ ಕಿಂಡಿಯ ಕಬ್ಬಿಣದ ಸರಳು ಹಿಡಿದುಕೊಂಡಳು. ಹಿಂದೆ ನಿಂತವರು ಕೆಮ್ಮುತ್ತಿದ್ದರು, ಕಾಲು ಬದಲಿಸುತ್ತಿದ್ದರು. ಅಕ್ಕ ಹೇಳಿದ್ದನ್ನು ಹಾಗೇ ಹೇಳಿಬಿಡಬಹುದಿತ್ತು. ಕಾರ್ಡು ಬರೆದವರು ಯಾರೋ ಏನೋ ಅಂತ ಎರಡು ಕಡೆಯವರೂ ಕೂಗಾಡಿ, ಚೆಕ್ಕಿಂಗ್‌ನವರು ಬಂದು, ಭಾವನ ಹೆಸರು ಅವರ ಪುಸ್ತಕಕ್ಕೆ ಏರಿ... ಅಷ್ಟಾದರೂ ತನ್ನ ಮೇಲೆ ಯಾರೂ ಬೆರಳು ಮಾಡುತ್ತಿರಲಿಲ್ಲ. ನಿಜ ಹೇಳಿದರೆ ಮೋಟರು ಅಟ್ಟದಲ್ಲೇ ಉಳಿಯುತ್ತದೆ, ತಾನು ದೀಪಾವಳಿಗೆ ಚಳ್ಳಕೆರೆಯ ರೈಲು ಹತ್ತಬೇಕಾಗುತ್ತದೆ.

"ಶು ಕಹೆ ಛೆ, ಬೆನ್?" ಏನಂತಾರೆ ಅಂತ ಗುಮಾಸ್ತ ಮತ್ತೆ ಕೇಳಿದ.

"ಮಾರಾ ಅಕ್ಷರ್ ಛೆ," ಎಂದಳು ರಜನಿ.

ಅಕ್ಕ ಥಟ್ಟನೆ ತಿರುಗಿದಳು. ಗುಜರಾತಿ ಬಾರದಿದ್ದರೂ ಆ ಒಂದು ಪದ ಅವಳದೂ ಆಗಿತ್ತು. "ಅಕ್ಷರ? ಯಾರ ಅಕ್ಷರ?"

"ನಂದು ಅಕ್ಕ. ಕಾರ್ಡು ನಾನೇ ಬರೆದಿದ್ದು. ಅದು ಎಂಟಲ್ಲ, ನಾಲ್ಕು."

ಗುಮಾಸ್ತನಿಗೆ ಅದನ್ನೇ ಗುಜರಾತಿಯಲ್ಲಿ ಹೇಳಿದಾಗ ಅವನು ನಂಬಲಿಲ್ಲ. "ಸಿಕ್ಕಿಬಿದ್ದ ಮೇಲೆ ಎಲ್ಲರ ಎಂಟೂ ನಾಲ್ಕಾಗತ್ತೆ," ಎಂದು ಒಂದು ಹಾಳೆಯನ್ನೂ ಪೆನ್ನನ್ನೂ ತಳ್ಳಿದ. "ಬರೀರಿ. ನಲವತ್ತೆಂಟು. ಎಂಟುನೂರ ನಲವತ್ತನಾಲ್ಕು. ಬೇಗ ಬೇಗ, ಯೋಚನೆ ಮಾಡದೆ."

ಅವಳು ಬರೆದಳು. ಎಂಟಿಗೆ ನೆತ್ತಿ ಮುಚ್ಚಿತ್ತು. ನಾಲ್ಕಕ್ಕೆ ಎರಡು ಕೊಂಬು ಬಿಟ್ಟಿತ್ತು. ಬೇಕೆಂದರೂ ಕೈ ಬೇರೆ ಥರ ಹೋಗುತ್ತಿರಲಿಲ್ಲ.

ಪಕ್ಕದ ಮೇಜಿನಲ್ಲಿ ಢೋಕಳಾ ತಿನ್ನುತ್ತಿದ್ದ ಹಿರಿಯ ಗುಮಾಸ್ತ ಕತ್ತು ಚಾಚಿ ನೋಡಿದರು. ಕನ್ನಡಕ ಏರಿಸಿದರು. "ಅರೆ ಮಹಾರಾಜ್, ಇದು ನಮ್ಮ ಚೋಗಡೋ ಅಲ್ಲವೇನೋ! ಶಾಲೆಯಲ್ಲಿ ನೂರು ಸಲ ತಿದ್ದಿದ್ದೀಯ, ಗುರುತು ಸಿಗಲಿಲ್ಲವಾ?"

ಮೀಸೆಯವನು ಕಾರ್ಡನ್ನು ಬೆಳಕಿಗೆ ಹಿಡಿದ. ಚೋಗಡೋ, ಅಂದರೆ ಗುಜರಾತಿಯ ನಾಲ್ಕೂ, ಹಾಗೇ ಇತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. "ಉಳಿದದ್ದೆಲ್ಲ ಇಂಗ್ಲಿಷಲ್ಲಿದೆಯಲ್ಲ, ಜಯಂತಿಭಾಯಿ. ಒಂದು ನಂಬರಿನೊಳಗೆ ಎರಡು ಭಾಷೆ ತುಂಬಿದರೆ ಪಾಪ ಆ ಕಂಪ್ಯೂಟರಿನವಳು ಏನು ಮಾಡ್ತಾಳೆ?"

"ಈ ಬೆನ್ ಯಾವ ಊರಿನವರು?" ಎಂದು ಕೇಳಿದರು ಜಯಂತಿಭಾಯಿ.

"ಕರ್ನಾಟಕ."

"ನಮ್ಮ ಚೋಗಡೋ ಅಲ್ಲಿಗೆ ಯಾವಾಗ ಹೋಯ್ತು?"

"ನಮ್ಮದೇ ಇಲ್ಲಿಗೆ ಬಂದಿರಬಹುದು," ಎಂದಳು ರಜನಿ. ಹೇಳಿದ ಮೇಲೆ ತಾನೇ ಬೆಚ್ಚಿದಳು. ಜಯಂತಿಭಾಯಿ ಢೋಕಳಾ ಗಂಟಲಿಗೆ ಸಿಕ್ಕುವಷ್ಟು ನಕ್ಕರು.

ಬಿಲ್ಲಿನ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಬಿತ್ತು, ಪಕ್ಕದಲ್ಲಿ ನೂರ ತೊಂಬತ್ತೊಂದು ಅಂತ ಬರೆದು ಸಹಿಯಾಯಿತು. ಮೀಟರು ನೋಡಲು ಒಬ್ಬ ಬರುತ್ತಾನೆ, ಚೆಕ್ಕಿಂಗಿಗಲ್ಲ, ಬರೀ ಅಂಕಿ ನೋಡಲು ಎಂದರು. "ಈ ಕೈಬರಹ ನನ್ನದು" ಎಂದು ಬರೆದ ಹಾಳೆಗೆ ರಜನಿ ಸಹಿ ಹಾಕಿದಳು.

ಹೊರಗೆ ಬಿಸಿಲು ಸುಡುತ್ತಿತ್ತು. ಅಕ್ಕ ಬಸ್ ಸ್ಟಾಂಡಿನವರೆಗೂ ಎರಡು ಹೆಜ್ಜೆ ಮುಂದೆಯೇ ನಡೆದಳು. ಬಸ್ಸಿನಲ್ಲಿ ಪರ್ಸನ್ನು ಮಡಿಲಿಗೆ ಒತ್ತಿಕೊಂಡು ಕೂತಳು. ಬೈದಿದ್ದರೆ ವಾಸಿಯಿತ್ತು. ರಜನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಸಾಬರಮತಿಯ ಸೇತುವೆ ದಾಟುವಾಗ ಹೇಮಲತಾ ಪರ್ಸಿನಿಂದ ಒಂದು ಕಾಗದ ತೆಗೆದಳು. ರಜನಿ ಅಂಕಿ ಬರೆದ ಹಾಳೆ, ಯಾವಾಗ ಎತ್ತಿಕೊಂಡಿದ್ದಳೋ.

"ಅಪ್ಪ ನಂಗೂ ಕಲಿಸೋಕೆ ಬಂದಿದ್ರು," ಎಂದಳು. "ಇದು ಚೀಲದ ಮೇಲೆ ಬರೆಯೋರ ಅಂಕಿ, ನಂಗೆ ಬೇಡ ಅಂದಿದ್ದೆ." ಆಮೇಲೆ ಧ್ವನಿ ಏರಿಸಿ, "ಬರೆದೆ ಅಂತ ಒಂದು ಮಾತು ಹೇಳಬಾರದಿತ್ತಾ? ಊರಿಗೆಲ್ಲ ಕೇಳೋ ಹಾಗೆ ನಾನಲ್ಲಿ ಕಳ್ಳ ಕಳ್ಳ ಅಂತ ಕೂಗಾಡ್ತಾ ಇದ್ದೆ!"

"ನೀನು ಕೂಗಿದ್ದು ಯಾರಿಗೂ ಅರ್ಥ ಆಗಿಲ್ಲ, ಅಕ್ಕ. ನಾನು ಹೇಳಿರ್ಲಿಲ್ಲ."

ಹೇಮಲತಾ ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿದ್ದುದು ನಗುವಿಗೋ, ಬಸ್ಸಿನ ಕುಲುಕಾಟಕ್ಕೋ, ರಜನಿಗೆ ಗೊತ್ತಾಗಲಿಲ್ಲ.

ಮನೆಗೆ ಬಂದು ನೀರು ಕುಡಿದ ಮೇಲೂ ಮೋಟರಿನ ಮಾತು ಬರಲಿಲ್ಲ. ಊರಿನ ಮಾತೂ ಬರಲಿಲ್ಲ. ಅಕ್ಕ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡತೊಡಗಿದಳು. ಐದು ಚಣಿಯಾಗಳಲ್ಲಿ ಎರಡಕ್ಕೆ ಇನ್ನೂ ಅಂಚೇ ಬಿದ್ದಿರಲಿಲ್ಲ. ರಜನಿ ಎರಡು ಸಲ ಅಡುಗೆಮನೆಯ ಬಾಗಿಲಿಗೆ ಹೋಗಿ ಬಂದಳು. ಕೇಳಬೇಕು ಅಂದುಕೊಂಡಳು. ಆಮೇಲೆ ಕೇಳದೆಯೇ ಸ್ಟೂಲು ಎಳೆದು ಅಟ್ಟದ ಕೆಳಗಿಟ್ಟಳು.

ಹತ್ತಿದ ಕೂಡಲೇ ಸ್ಟೂಲು ಓಲಿತು. ಮೋಟರು ಕೈಗೆ ಸಿಕ್ಕಿತ್ತು, ಆದರೆ ಭಾರಕ್ಕೆ ಮೈ ಒಂದು ಕಡೆ ವಾಲಿತು. ಅಷ್ಟರಲ್ಲಿ ಓಲಾಟ ನಿಂತಿತು. ಬಗ್ಗಿ ನೋಡಿದರೆ ಅಕ್ಕ ಒದ್ದೆ ಕೈಯಲ್ಲಿ ಸ್ಟೂಲಿನ ಗಿಡ್ಡ ಕಾಲನ್ನು ಒತ್ತಿ ಹಿಡಿದು ಕೂತಿದ್ದಳು.

"ಇಳಿ ನಿಧಾನ. ಬಿದ್ದು ಕೈ ಮುರ್ಕೊಂಡ್ರೆ ಆ ಲಂಗಗಳನ್ನ ನಾನು ಹೊಲೀಬೇಕಾ?" ಎಂದಳು. ರಜನಿ ಇಳಿದ ಮೇಲೆ, "ಮುಂದಿನ ಸಲ ಕಾರ್ಡು ಬಂದ್ರೆ ನೀನೇ ಬರಿ. ನಾಲ್ಕು ಬಂದಾಗ ಮಾತ್ರ ಕೈ ಎತ್ತೇ ಮಾರಾಯ್ತಿ, ಎರಡಲ್ಲ, ಹತ್ತು ಸಲ ಎತ್ತು."

"ಹೂಂ," ಎಂದಳು ರಜನಿ.

ಮೋಟರು ಕೂರಿಸಿ ಬೆಲ್ಟು ಹಾಕಿದಳು. ನಾಲ್ಕನೆಯ ಚಣಿಯಾದ ಬಟ್ಟೆ ಹಾಸಿ, ಕೋಕಿಲಾಬೆನ್ ಅವರ ಮಗಳ ಉದ್ದದ ಅಳತೆಯನ್ನು ಸೀಮೆಸುಣ್ಣದಲ್ಲಿ ಅಂಚಿಗೆ ಬರೆದುಕೊಂಡಳು. ಮೂವತ್ತನಾಲ್ಕು. ಮೂರು ಬರೆದಳು. ನಾಲ್ಕಕ್ಕೆ ಬಂದಾಗ ಬೆರಳು ಒಂದು ಕ್ಷಣ ತಡೆಯಿತು. ಈ ಬಟ್ಟೆಯನ್ನು ಓದುವವಳು ತಾನೊಬ್ಬಳೇ. ಒಂದೇ ಎಳೆತಕ್ಕೆ ಸುತ್ತಿ ಎಳೆದು, ಮೋಟರಿನ ಗುಂಡಿ ಒತ್ತಿದಳು.