ಏಳು ಮಾತ್ರೆಯ ಮಾತು

“ಈ ಪರವಾಗಿಲ್ಲಕ್ಕೆ ಎಷ್ಟು ಅಂಕ ಕೊಡ್ಲಿ?”

ಕೇಳಿದ್ದು ಯಾರನ್ನೂ ಅಲ್ಲ. ನಮ್ಮ ಮೇಜಿನ ತುದಿಯಲ್ಲಿ ಕಾಗದ ಹರಡಿಕೊಂಡು ಕುಳಿತಿದ್ದ ಸಂಶೋಧಕಿ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿ, ಗೋಡೆ ಗಡಿಯಾರದ ಕಡೆ ಮುಖ ಎತ್ತಿ, ತನ್ನಷ್ಟಕ್ಕೆ ಕೇಳಿಕೊಂಡಳು. ಔಷಧದ ಟ್ರಾಲಿಗೆ ಬೀಗ ಹಾಕುತ್ತಿದ್ದ ನನಗೆ ಅದು ಕೇಳಿಸಿತು. ಮನೋರೋಗದ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ನರ್ಸಾಗಿರುವವಳು ನಾನು. ಮಾತಾಡಿದ್ದಕ್ಕಿಂತ ಕಿವಿಗೊಟ್ಟಿದ್ದೇ ಹೆಚ್ಚು.

“ಯಾರ ಪರವಾಗಿಲ್ಲ?” ಎಂದೆ.

“ಎಲ್ಲರದೂ ಸಿಸ್ಟರ್! ನಿದ್ದೆ ಹೇಗಿದೆ ಅಂದ್ರೆ ಪರವಾಗಿಲ್ಲ. ಹಸಿವು? ಪರವಾಗಿಲ್ಲ. ಬದುಕೇ ಬೇಜಾರು ಅನ್ಸುತ್ತಾ ಅಂದ್ರೂ ಪರವಾಗಿಲ್ಲ! ನನ್ನ ಫಾರಂನಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಮನೆಗಳಿವೆ. ಇದನ್ನ ಯಾವ ಮನೆಗೆ ಹಾಕ್ಲಿ?”

“ಎರಡಕ್ಕೆ ಹಾಕಿಬಿಡು ತಾಯಿ. ನಡುಮನೆ, ತಂಪಾಗಿರುತ್ತೆ,” ಎಂದು ಮೂರನೇ ಹಾಸಿಗೆಯ ಅಜ್ಜಿ ಬಾಗಿಲ ಬಳಿಯಿಂದ ಹೇಳಿತು. ಯಾರ ಮಾತಿಗಾದರೂ ತನ್ನದೊಂದು ಸೇರಿಸದೆ ಬಿಡದ ಆಕೆಗೆ ನಮ್ಮ ವಾರ್ಡಿನಲ್ಲಿ ರೇಡಿಯೊ ಅಜ್ಜಿ ಎಂದೇ ಹೆಸರು.

ಸಂಶೋಧಕಿ ಬಂದು ಆಗ ಮೂರನೇ ವಾರ. ಅವಳ ಅಧ್ಯಯನ ಹೇಳಲು ಸುಲಭ, ಮಾಡಲು ಕಷ್ಟ. ನರ್ಸುಗಳು ದಿನಕ್ಕೆ ಹತ್ತು ನಿಮಿಷ ಒಬ್ಬೊಬ್ಬ ರೋಗಿಯ ಪಕ್ಕ ಸುಮ್ಮನೆ ಕೂರಬೇಕು. ಜ್ವರ ನೋಡಬಾರದು, ಮಾತ್ರೆ ಕೊಡಬಾರದು, ಬುದ್ಧಿ ಹೇಳಬಾರದು. ಬುಧವಾರಕ್ಕೊಮ್ಮೆ ಅವಳು ಬಂದು ಇಪ್ಪತ್ತು ಪ್ರಶ್ನೆ ಕೇಳಿ, ಅವರ ನೆಮ್ಮದಿ ಹೆಚ್ಚಿತೋ ಕಡಿಮೆಯಾಯಿತೋ ಲೆಕ್ಕ ಹಾಕುತ್ತಾಳೆ. ಹದಿನೆಂಟು ಹಾಸಿಗೆಗೆ ಹತ್ತತ್ತು ನಿಮಿಷ ಹೊಂದಿಸುವುದೆಂದರೆ ನಮಗೆ ಚಹಾ ಕುಡಿಯಲೂ ಪುರುಸೊತ್ತಿಲ್ಲ. ಆದರೂ ಒಂದು ದಿನ ಬಿಟ್ಟಿರಲಿಲ್ಲ. ಅದರ ಬಗ್ಗೆ ನನಗೆ ಜಂಬ ಇದೆ, ಮುಚ್ಚಿಡುವುದಿಲ್ಲ.

“ಎಲ್ಲರ ಪರವಾಗಿಲ್ಲವೂ ಒಂದೇ ಅಲ್ಲಮ್ಮ,” ಎಂದೆ.

ಹೇಳಿದ ಮೇಲೆ ವಿವರಿಸಲೇಬೇಕಾಯಿತು. ನಮ್ಮಪ್ಪ ದಿನಾ ಸಂಜೆ ಕೈಕಾಲು ತೊಳೆದು ಕುಳಿತು ಕಾವ್ಯ ವಾಚಿಸುತ್ತಿದ್ದರು. ಎದುರಿಗೆ ಕುಳಿತು ಬೆರಳು ಮಡಚಿ ಮಾತ್ರೆ ಎಣಿಸುವುದು ನನ್ನ ಪಾಲಿನ ಪೂಜೆ. “ಅರ್ಥ ಹಿಂದಿನಿಂದ ಬರುತ್ತೆ ಮಗಳೇ, ಉಸಿರು ಎಲ್ಲಿ ನಿಂತಿತು ಅದನ್ನ ಮೊದಲು ಕೇಳು,” ಎನ್ನುತ್ತಿದ್ದರು. ಈಗ ಬೆಳಗ್ಗೆ ಟ್ರಾಲಿಯಲ್ಲಿ ಹಂಚುವುದೂ ಮಾತ್ರೆ, ಕಿವಿಯಲ್ಲಿ ಎಣಿಸುವುದೂ ಮಾತ್ರೆ. ದೇವರು ನನ್ನನ್ನು ಆ ಶಬ್ದದಿಂದ ಬಿಡಿಸಿಲ್ಲ.

“ಪ, ರ ಲಘು. ವಾ, ಗಿ ಗುರು. ಕೊನೆಯ ಲ್ಲ ಲಘು. ಒಟ್ಟು ಏಳು,” ಎಂದು ಬೆರಳಲ್ಲಿ ತೋರಿಸಿದೆ. “ಅಜ್ಜಿ ‘ವಾ’ ಎಳೆಯುತ್ತೆ, ಒಂಬತ್ತಾಗುತ್ತೆ. ಅಂದ್ರೆ ಮೊಣಕಾಲು ನೋವು, ಕೇಳಿದ್ರೆ ಅರ್ಧ ಗಂಟೆ ಹೇಳುತ್ತೆ. ಐದನೇ ಹಾಸಿಗೆಯ ಕಾಲೇಜು ಹುಡುಗಿ ಕೊನೆಯ ‘ಲ್ಲ’ ನುಂಗ್ತಾಳೆ. ಅವಳು ಪರವಾಗಿಲ್ಲ ಅಂದಾಗೆಲ್ಲ ನಾನು ಅವಳ ದಿಂಬಿನ ಕೆಳಗೆ ನೋಡ್ತೀನಿ. ಮನೆಯಿಂದ ಬಂದ ಕಾಗದ ಇರುತ್ತೆ.”

“ಮತ್ತೆ ಹನ್ನೊಂದನೇ ಹಾಸಿಗೆ? ಅವರಿಗೇ ಎಲ್ಲರಿಗಿಂತ ಜಾಸ್ತಿ ನೆಮ್ಮದಿ ಅಂಕ. ಎಂಬತ್ತಕ್ಕೆ ಅರವತ್ತೊಂದು.”

“ಅವರ ಬಗ್ಗೆಯೇ ನನಗೆ ಹೆದರಿಕೆ,” ಎಂದೆ.

ಹನ್ನೊಂದನೇ ಹಾಸಿಗೆ ಟೇಲರಕ್ಕನದು. ವಯಸ್ಸು ನಲವತ್ತೆರಡು, ಅಣ್ಣನ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ. ನಮ್ಮಲ್ಲಿಗೆ ಸೇರಿದ್ದು ಇದು ಮೂರನೇ ಸಲ. ಪ್ರತಿ ಸಲವೂ ಊಟ ಬಿಟ್ಟು, ಮಾತು ಬಿಟ್ಟು ಬರುತ್ತಿದ್ದಳು. ಬೆರಳು ಮಾತ್ರ ಹೊದಿಕೆಯ ಅಂಚನ್ನು ಮಡಚುತ್ತಲೇ ಇರುತ್ತಿತ್ತು. ಹಿಂದಿನ ಎರಡು ಸಲವೂ ನಾಲ್ಕು ವಾರದಲ್ಲಿ ನಗುನಗುತ್ತಾ ಮನೆಗೆ ಹೋಗುತ್ತಿದ್ದಳು. ಆರು ತಿಂಗಳಿಗೆ ಮತ್ತೆ ಅದೇ ಹಾಸಿಗೆ. ಇಲ್ಲಿ ಸ್ವಲ್ಪ ಚೇತರಿಸಿಕೊಂಡ ಕೂಡಲೇ ಚಟುವಟಿಕೆ ಕೋಣೆಯ ಹೊಲಿಗೆ ಯಂತ್ರದ ಮುಂದೆ ಕೂರುವಳು. ವಾರ್ಡಿನ ದಿಂಬಿನ ಚೀಲಗಳೆಲ್ಲ ಅವಳ ಹೊಲಿಗೆ. ಕಿಟಕಿ ಪರದೆ ಅವಳದು. ಡಾಕ್ಟರ ಕೋಟಿನ ಗುಂಡಿ ಅವಳು ಹಾಕಿದ್ದು. ಯಾರು ಏನು ಕೇಳಿದರೂ ಒಂದೇ ಉತ್ತರ, “ಪರವಾಗಿಲ್ಲ, ಕೊಡಿ.” ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಸರಿಯಾಗಿ ಏಳು ಮಾತ್ರೆ. ಬಾಯಿಪಾಠ ಮಾಡಿದವರು ಹಾಗೆ ಒಪ್ಪಿಸುತ್ತಾರೆ. ಎಲ್ಲೂ ತಪ್ಪಿರುವುದಿಲ್ಲ, ಒಳಗೆ ಯಾರೂ ಇರುವುದಿಲ್ಲ.

ಸಂಶೋಧಕಿ ಚಟುವಟಿಕೆ ಕೋಣೆಯ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿಕೊಂಡು ಒಂದು ಗಂಟೆ ಕೇಳಿ ಬಂದಳು. “ಹನ್ನೆರಡು ಸಲ ಅಂದ್ರು ಸಿಸ್ಟರ್. ಹನ್ನೆರಡೂ ಒಂದೇ ಅಳತೆ,” ಎಂದಳು. ಆಮೇಲೆ ನಕ್ಕು, “ಪರ ಅಂದ್ರೆ ಬೇರೆಯವರು ಅಲ್ವಾ? ಅವರ ಬಾಯಲ್ಲಿ ಮೊದಲು ಬರೋದೇ ಬೇರೆಯವರು,” ಎಂದಳು.

“ಹಾಗಾದ್ರೆ ಏನು ಕೇಳ್ಬೇಕು ಅವರನ್ನ?”

“ಇವತ್ತು ಯಾವುದಕ್ಕಾದ್ರೂ ಬೇಡ ಅಂದ್ರಾ ಅಂತ ಕೇಳಮ್ಮ.”

“ಬೇಡ ಅಂದ್ರೆ ನಿಮ್ಮ ರಿಪೋರ್ಟಿನಲ್ಲಿ ಕೆಂಪು ಶಾಯಿ ಅಲ್ವಾ?”

ನಿಜ. ಊಟ ಬೇಡ, ಔಷಧ ಬೇಡ, ಸ್ನಾನ ಬೇಡ ಎಂದವರನ್ನು ನಾವು ಕೆಂಪಿನಲ್ಲೇ ಬರೆಯುತ್ತೇವೆ. ಇಪ್ಪತ್ತಾರು ವರ್ಷದಲ್ಲಿ ನಾನೂ ಎಷ್ಟು ಕೆಂಪು ಶಾಯಿ ಖಾಲಿ ಮಾಡಿದ್ದೇನೋ! ಅಧ್ಯಯನದ ನಡುವೆ ಹೊಸ ಪ್ರಶ್ನೆ ಸೇರಿಸುವ ಹಾಗಿಲ್ಲ ಎಂದಳು. ಕೊನೆಗೆ ಹತ್ತು ನಿಮಿಷದ ಟಿಪ್ಪಣಿ ಹಾಳೆಯ ಕೆಳಗೆ ಒಂದು ಗೆರೆ ಎಳೆದಳು. ‘ಇವತ್ತು ಬೇಡ ಅಂದಿದ್ದು’. ಅಂಕವಿಲ್ಲದ ಗೆರೆ.

ರೇಡಿಯೊ ಅಜ್ಜಿ ಮೊದಲ ದಿನವೇ ಬರೆಸಿತು: “ಬೇಡ ಅಂದಿದ್ದು, ಈ ಪ್ರಶ್ನೆ.” ಕಾಲೇಜು ಹುಡುಗಿ ಅಜ್ಜಿಯ ಹಾಡು ಬೇಡ ಎಂದಳು. ಟೇಲರಕ್ಕನ ಗೆರೆ ಮಾತ್ರ ಖಾಲಿ. ಹತ್ತು ನಿಮಿಷವೂ ಅವಳು ನನ್ನ ಏಪ್ರನ್ನಿನ ಅಂಚು ಮುಟ್ಟಿ ನೋಡುವಳು.

“ಸಿಸ್ಟರ್, ಇಲ್ಲಿ ಹೊಲಿಗೆ ಬಿಟ್ಟಿದೆ. ಕೊಡಿ, ಎರಡು ನಿಮಿಷ.”

“ಬೇಡ ಟೇಲರಕ್ಕ. ನಾನೇ ಹಾಕ್ಕೋತೀನಿ.”

ಹಿಂದಿನ ಸಲ ಇದೇ ಏಪ್ರನ್ನನ್ನು ಅವಳ ಕೈಯಲ್ಲೇ ಹೊಲಿಸಿಕೊಂಡಿದ್ದೆ. ನೆನಪಾಗಿ ಕಿವಿ ಬಿಸಿಯಾಯಿತು. ಆ ದಿನ ಮನೆಯಲ್ಲಿ ಕೂತು ನಾನೇ ಹೊಲಿದೆ. ಮರುದಿನ ಅವಳು ಅಂಚನ್ನು ತಿರುವಿ ನೋಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಭುಜ ಕುಲುಕುವಷ್ಟು ನಕ್ಕಳು.

“ಏನು ಸಿಸ್ಟರ್ ಇದು! ಇರುವೆ ಸಾಲು ದಾರಿ ತಪ್ಪಿದ ಹಾಗಿದೆ!”

“ನನ್ನ ಹೊಲಿಗೆ ನನಗೆ ಚೆಂದ,” ಎಂದೆ. ಮೂರು ಸಲದ ವಾಸದಲ್ಲಿ ನಾನು ಕೇಳಿದ ಅವಳ ಮೊದಲ ನಿಜವಾದ ನಗು ಅದು. ಅವತ್ತು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ.

ಏಳನೇ ವಾರದ ಮಂಗಳವಾರ ನನಗೆ ರಜೆ. ಬುಧವಾರ ಬಂದು ರಿಪೋರ್ಟು ಪುಸ್ತಕ ತೆರೆದರೆ ಕೆಂಪು ಶಾಯಿಯಲ್ಲಿ ಮೂರು ಸಾಲು. ‘ಹಾಸಿಗೆ ಹನ್ನೊಂದು. ಹೊಲಿಯಲು ನಿರಾಕರಣೆ. ಸಹಕಾರವಿಲ್ಲ. ಸಂಜೆವರೆಗೆ ಕಿಟಕಿ ಬಳಿ ಸುಮ್ಮನೆ ಕುಳಿತಿದ್ದರು.’ ಬರೆದವಳು ಎರಡು ತಿಂಗಳ ಹಿಂದೆ ಸೇರಿದ ಹೊಸ ಸಿಸ್ಟರ್.

“ನಾನೇ ಕೇಳಿದ್ದು ಮೇಡಂ, ಯೂನಿಫಾರ್ಮ್ ಸ್ವಲ್ಪ ಬಿಗಿ ಮಾಡ್ಕೊಡಿ ಅಂತ. ಬಾಯಿ ಬಿಡ್ಲಿಲ್ಲ. ಸೂಜಿಗಳನ್ನೆಲ್ಲ ಬಟ್ಟೆಗೆ ಚುಚ್ಚಿ, ಎಣಿಸಿ ನನ್ನ ಕೈಗೆ ಕೊಟ್ಟು ಎದ್ದು ಹೋದ್ರು. ನಾನು ತಪ್ಪು ಬರ್ದೆನಾ?”

“ಬರ್ದಿದ್ದು ಸರಿ. ಬಣ್ಣ ತಪ್ಪು,” ಎಂದೆ.

ಅದೇ ಮಧ್ಯಾಹ್ನ ಸಂಶೋಧಕಿ ಸಪ್ಪೆ ಮುಖ ಮಾಡಿಕೊಂಡು ಬಂದಳು. ಟೇಲರಕ್ಕನ ಅಂಕ ಅರವತ್ತೊಂದರಿಂದ ಮೂವತ್ತನಾಲ್ಕಕ್ಕೆ ಇಳಿದಿತ್ತು. ನಿದ್ದೆ ಹೇಗಿದೆ ಎಂದರೆ “ಬರಲ್ಲ” ಎಂದಿದ್ದಳಂತೆ. ಬೇಜಾರು ಇದೆಯಾ ಎಂದರೆ “ಇದೆ”. ಪರವಾಗಿಲ್ಲ ಒಂದೂ ಇರಲಿಲ್ಲ.

ಡಾಕ್ಟರು ಎರಡೂ ಕಾಗದವನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಳ್ಳೆಯ ಮನುಷ್ಯ, ಅವಸರದಲ್ಲಿ ತೀರ್ಮಾನ ಮಾಡುವವರಲ್ಲ.

“ಇಷ್ಟಪಡ್ತಿದ್ದ ಕೆಲಸ ಬಿಟ್ಟಿದ್ದಾರೆ, ನಿದ್ದೆ ಇಲ್ಲ, ಅಂಕ ಅರ್ಧ ಆಗಿದೆ. ಮತ್ತೆ ಕುಸೀತಿದ್ದಾರೆ ಸಿಸ್ಟರ್. ಮಾತ್ರೆ ಹೆಚ್ಚಿಸೋಣ.”

“ಇಲ್ಲ ಡಾಕ್ಟರೇ, ಈಗ ಹುಷಾರಾಗ್ತಿದ್ದಾರೆ. ನಿದ್ದೆ ಮೊದಲೂ ಇರ್ಲಿಲ್ಲ, ರಾತ್ರಿ ಪಾಳಿಯವರ ಟಿಪ್ಪಣಿ ನೋಡಿ. ಈಗ ಬಾಯಿಬಿಟ್ಟು ಹೇಳಿದ್ದಾರೆ, ಅಷ್ಟೇ. ಆ ಅರವತ್ತೊಂದು ಅವರದಲ್ಲ, ನಮ್ಮನ್ನ ಮೆಚ್ಚಿಸೋಕೆ ಕೊಟ್ಟಿದ್ದು.”

“ನಿಮ್ಮ ಕಿವಿ ಮೇಲೆ ನನಗೆ ನಂಬಿಕೆ ಇದೆ. ಆದ್ರೆ ಕಿವೀನ ಕೇಸ್ ಶೀಟಿಗೆ ಅಂಟಿಸೋಕಾಗುತ್ತಾ?” ಎಂದು ಕನ್ನಡಕ ತೆಗೆದರು. “ಶುಕ್ರವಾರ ಅವರಣ್ಣ ಬರ್ತಾರೆ. ಎಲ್ಲರೂ ಕೂತು ಮಾತಾಡೋಣ. ಅಲ್ಲಿವರೆಗೆ ಈಗಿನ ಮಾತ್ರೆನೇ ಇರ್ಲಿ.”

ಗುರುವಾರದ ಹತ್ತು ನಿಮಿಷಕ್ಕೆ ನಾನು ಕಿಟಕಿ ಬಳಿಯ ಬೆಂಚಿಗೇ ಹೋದೆ. ಟೇಲರಕ್ಕ ಬೆರಳುಗಳನ್ನು ಒಂದರೊಳಗೊಂದು ಹೆಣೆದು ಬಿಗಿಹಿಡಿದಿದ್ದಳು.

“ಹೊಲಿದುಕೊಡದೆ ಇದ್ದಿದ್ದಕ್ಕೆ ಮಾತ್ರೆ ಜಾಸ್ತಿ ಮಾಡ್ತಾರಂತೆ. ಅಜ್ಜಿ ಹೇಳ್ತು.”

ರೇಡಿಯೊಗೆ ಯಾವ ಬೀಗ ಹಾಕುವುದು! “ಇನ್ನೂ ತೀರ್ಮಾನ ಆಗಿಲ್ಲ,” ಎಂದೆ.

“ಎದ್ದು ಬಂದಾಗ ಎದೆ ಡಬಡಬ ಹೊಡ್ಕೊಳ್ತು ಸಿಸ್ಟರ್. ಆಮೇಲೆ ಇಲ್ಲಿ ಕೂತೆ. ಆ ಮರಕ್ಕೆ ಎಲೆ ಬಂದಿದೆ. ನಾನು ನೋಡೇ ಇರ್ಲಿಲ್ಲ.” ಹೆಣೆದ ಬೆರಳುಗಳ ಕಡೆ ನೋಡಿದಳು. “ಬೇಡ, ನಾಳೆ ಎಲ್ಲದಕ್ಕೂ ಹೂಂ ಅಂದ್ಬಿಡ್ತೀನಿ. ಎಲ್ಲರಿಗೂ ಸಮಾಧಾನ.”

ಹಾಗೆ ಮಾಡಬೇಡಿ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಹೇಳಿದ್ದರೆ ಅದಕ್ಕೂ ಅವಳು ಹೂಂ ಎನ್ನುತ್ತಿದ್ದಳು, ನನ್ನನ್ನು ಮೆಚ್ಚಿಸಲು. ನುಂಗಿಕೊಂಡೆ.

“ನಾಳೆ ನಾನು ನಿಮ್ಮ ಎದುರಿಗೇ ಕೂತಿರ್ತೀನಿ,” ಎಂದೆ. “ನೀವು ಏನಂದ್ರೂ ಕೇಳಿಸ್ಕೋತೀನಿ.”

ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಸಭೆಯ ಕೋಣೆಯಲ್ಲಿ ಸೇರಿದೆವು. ಉದ್ದನೆಯ ಮೇಜು, ಒಂದು ಕಾಲು ಅಲುಗಾಡುವ ಕುರ್ಚಿ, ಗೋಡೆಯಲ್ಲಿ ಕೈ ತೊಳೆಯುವ ವಿಧಾನದ ಚಿತ್ರ. ಡಾಕ್ಟರ ಮುಂದೆ ಕೇಸ್ ಶೀಟು ತೆರೆದಿತ್ತು. ಸಂಶೋಧಕಿ ಮೂಲೆಯಲ್ಲಿ, ಮಡಿಲಲ್ಲಿ ಟಿಪ್ಪಣಿ ಹಾಳೆ. ಟೇಲರಕ್ಕ ಅಲುಗಾಡುವ ಕುರ್ಚಿಯನ್ನೇ ಆರಿಸಿಕೊಂಡು ಕುಳಿತಳು, ಬೇರೆಯವರಿಗೆ ತೊಂದರೆ ಆಗದಿರಲಿ ಎಂದು. ನಾನು ಅವಳೆದುರು.

ಅಣ್ಣ ಬಂದ. ದೊಡ್ಡ ಮೈಯ, ಮೆಲುಮಾತಿನ ಗಂಡಸು. ಬಂದವನೇ ತಂಗಿಯ ತಲೆ ಸವರಿ, “ಎಷ್ಟು ಇಳಿದುಹೋಗಿದ್ದೀಯಲ್ಲೇ,” ಎಂದ. ಕಣ್ಣಲ್ಲಿ ನೀರಿತ್ತು, ಸುಳ್ಳು ನೀರಲ್ಲ. ಅವನು ಕೆಟ್ಟವನಾಗಿದ್ದರೆ ಎಲ್ಲ ಎಷ್ಟು ಸುಲಭವಾಗಿರುತ್ತಿತ್ತು!

“ಮನೆಗೆ ಕಳಿಸಿಕೊಡಿ ಡಾಕ್ಟ್ರೇ. ಕೆಲಸಕ್ಕೆ ಕೈ ಹತ್ತಿದ್ರೆ ತಾನಾಗೇ ಸರಿ ಹೋಗ್ತಾಳೆ. ಚಿಕ್ಕವಳಿದ್ದಾಗಿಂದ ಹಾಗೇ, ಇವಳು ಒಂದು ಮಾತಿಗೂ ಇಲ್ಲ ಅಂದವಳಲ್ಲ. ಇಂಥ ತಂಗಿ ಯಾರಿಗೆ ಸಿಗ್ತಾಳೆ ಹೇಳಿ.”

“ಅವರೇನಂತಾರೆ ಕೇಳೋಣ,” ಎಂದು ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. ಮಾತ್ರೆಯ ಪ್ರಮಾಣ ಬರೆಯುವ ಜಾಗ ಇನ್ನೂ ಖಾಲಿಯಿತ್ತು.

ಅಣ್ಣ ಜೇಬಿನಿಂದ ಸುರುಳಿ ಸುತ್ತಿದ ಅಳತೆ ಟೇಪನ್ನು ತೆಗೆದು ಅವಳ ಮುಂದಿಟ್ಟ. ಹಳದಿ ಟೇಪು, ಮೊದಲ ನಾಲ್ಕು ಅಂಗುಲದ ಅಂಕಿ ಅವಳ ಹೆಬ್ಬೆರಳು ಉಜ್ಜಿ ಉಜ್ಜಿ ಅಳಿಸಿಹೋಗಿತ್ತು.

“ನಿನ್ನ ಟೇಪು ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ ನೋಡು. ಶಾಲೆ ಶುರುವಾಗ್ತಿದೆ. ನಲವತ್ತು ಯೂನಿಫಾರ್ಮ್ ಒಪ್ಕೊಂಡುಬಿಟ್ಟಿದ್ದೀನಿ, ನೀನು ಬರ್ತೀಯ ಅನ್ನೋ ಧೈರ್ಯದ ಮೇಲೆ. ಇದೊಂದು ಸಲ ಹೊಲಿದುಕೊಡಮ್ಮ. ಆಮೇಲೆ ಬೇಕಾದಷ್ಟು ವಿಶ್ರಾಂತಿ ತಗೊ. ಆಗುತ್ತಲ್ವಾ?”

ಟೇಲರಕ್ಕನ ಕೈ ಟೇಪಿನ ಕಡೆ ಹೋಯಿತು. ಅಭ್ಯಾಸದ ಕೈ. ಸುರುಳಿಯ ತುದಿ ಹಿಡಿಯಿತು. ಮುಖದಲ್ಲಿ ಆ ಹಳೆಯ ನಗು, ಇನ್ನೇನು ಬಂದೇಬಿಟ್ಟಿತು.

“ಪರ...” ಎಂದಳು.

ಎರಡು ಲಘು. ನನ್ನ ಬೆರಳು ಮೇಜಿನ ಕೆಳಗೆ ತಾನಾಗಿ ಎರಡು ಮಡಚಿತು. ಮೂರನೆಯದಕ್ಕೆ ಕಾದೆ. ಬರಲಿಲ್ಲ. ಅಲುಗಾಡುವ ಕುರ್ಚಿ ಅಲುಗಾಡುವುದನ್ನು ನಿಲ್ಲಿಸಿತು. ಅಪ್ಪ ಹೇಳುತ್ತಿದ್ದ ಉಸಿರು ಅವಳ ಎದೆಯಲ್ಲಿ ನಿಂತಿದ್ದನ್ನು ನಾನು ಕಂಡೆ. ಸಂಶೋಧಕಿಯೂ ಪೆನ್ಸಿಲು ಎತ್ತಿದವಳು ಹಾಗೇ ಇದ್ದಳು. ಟೇಲರಕ್ಕ ಟೇಪಿನ ತುದಿಯನ್ನು ಬಿಟ್ಟು, ಸುರುಳಿಯನ್ನು ಒಂದೇ ಬೆರಳಿನಿಂದ ಅಣ್ಣನ ಕಡೆಗೆ ಮೆಲ್ಲಗೆ ಸರಿಸಿದಳು. ಆಮೇಲೆ ತಲೆ ಎತ್ತಿದಳು. ದನಿಯ ಅಳತೆ ತಪ್ಪಿತ್ತು, ಒಂದಕ್ಷರ ಗಿಡ್ಡ, ಒಂದಕ್ಷರ ಉದ್ದ. ಇಪ್ಪತ್ತಾರು ವರ್ಷದಲ್ಲಿ ನನ್ನ ವಾರ್ಡಿನಲ್ಲಿ ನಾನು ಅಷ್ಟು ಚೆಂದದ ಮಾತು ಕೇಳಿರಲಿಲ್ಲ.

“ಇಲ್ಲ ಅಣ್ಣ. ನಾನು ಹೊಲಿಯಲ್ಲ.”