ಭಟ್ಟರ ಹಾಜರಿ

ಶರಣ್ಯಾಳಿಗೆ ಇಲ್ಲದ್ದು ಒಂದೇ, ವೆಂಕಟೇಶ್ವರ ಭಟ್ಟರ ಬಾಯಿಂದ ತನ್ನ ಹೆಸರು. ಉಳಿದದ್ದೆಲ್ಲ ಇತ್ತು. ಹೆಣ್ಣು ಎಂದು ಜಿಲ್ಲಾಧಿಕಾರಿ ಕೊಟ್ಟ ಪ್ರಮಾಣಪತ್ರ, ಹೊಸ ಆಧಾರ್, ಹೊಸ ಹೆಸರಿನ ಬಸ್ ಪಾಸ್.

ಮೂಡುಬಿದಿರೆಯ ಆ ಕಾಲೇಜಿನಲ್ಲಿ ಎಲ್ಲ ಉಪನ್ಯಾಸಕರೂ ನಂಬರ್ ಕೂಗಿ ಹಾಜರಿ ಹಾಕುತ್ತಿದ್ದರು. ಇತಿಹಾಸದ ಭಟ್ಟರೊಬ್ಬರು ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದರು, ಅದೂ ಊರಿನ ಸಮೇತ, ಪುಸ್ತಕ ನೋಡದೆ.

"ಬೆಳುವಾಯಿಯ ಅಶ್ವಿತ್, ಅಪ್ಪನ ಡಯಾಲಿಸಿಸ್ ಆಯ್ತಾ? ಕಲ್ಲಡ್ಕದ ಮಿಸ್ರಿಯಾ, ಇವತ್ತಾದರೂ ತಿಂಡಿ ತಿಂದು ಬಂದಿದ್ದೀಯಾ?"

ಹತ್ತು ನಿಮಿಷ ಅದಕ್ಕೇ ಹೋಗುತ್ತಿತ್ತು. ಅಲ್ಲಿ ಕರೆಸಿಕೊಂಡರೆ ತರಗತಿಗೆ ಸೇರಿದ ಹಾಗೆ. ಶರಣ್ಯಾಳ ಸರದಿ ಬಂದಾಗ ಭಟ್ಟರು "ಬಂಟ್ವಾಳದ ಮುರಳಿ" ಎನ್ನುತ್ತಿದ್ದರು. ಬಂಟ್ವಾಳ ಸರಿ ಇತ್ತು.

ಸೆಪ್ಟೆಂಬರಿನಲ್ಲಿ ಅವಳು ದೂರು ಬರೆದುಕೊಟ್ಟಳು. ಪ್ರಾಂಶುಪಾಲೆ ಮನೋರಮಾ ಇಬ್ಬರನ್ನೂ ಕೂರಿಸಿ ಟ್ರಾನ್ಸ್‌ಜೆಂಡರ್ ಹಕ್ಕುಗಳ ಕಾಯಿದೆಯ ಪ್ರತಿಯನ್ನು ಮೇಜಿನ ಮೇಲಿಟ್ಟರು.

"ಪುಸ್ತಕದಲ್ಲಿ ಬೇಕಾದರೆ ಬರೀತೇನೆ ಮೇಡಂ," ಎಂದರು ಭಟ್ಟರು. "ಬಾಯಿಂದ ಹೇಳುವುದಿಲ್ಲ. ನಂಬದ್ದನ್ನು ಹೇಳಿದರೆ ಸುಳ್ಳಾಗ್ತದೆ."

"ಮುರಳಿ ಅನ್ನುವುದು ಸುಳ್ಳಲ್ವಾ ಸರ್?" ಎಂದಳು ಶರಣ್ಯಾ.

"ಅದು ನಿನ್ನ ಅಭಿಪ್ರಾಯ."

"ಅಭಿಪ್ರಾಯ ಮನೆಯಲ್ಲಿಟ್ಟುಕೊಳ್ಳಿ ಭಟ್ರೇ," ಎಂದರು ಮನೋರಮಾ. "ಮುರಳಿ ಅನ್ನುವ ಹಾಗಿಲ್ಲ."

"ಅನ್ನುವುದಿಲ್ಲ. ನಂಬರ್ ಕರೀತೇನೆ."

"ಅವಳೊಬ್ಬಳಿಗೆ ಮಾತ್ರ ನಂಬರ್ ಅಂದರೆ ತಾರತಮ್ಯ. ಅದಕ್ಕೂ ಕಾಯಿದೆ ಉಂಟು."

ಭಟ್ಟರು ಕಾಯಿದೆಯ ಪ್ರತಿಯನ್ನು ಮೇಡಂ ಕಡೆ ಸರಿಸಿದರು. "ಸರಿ. ಎಲ್ಲರಿಗೂ ನಂಬರ್."

ಮನೋರಮಾ ದೂರಿನ ಕೆಳಗೆ ‘ಇತ್ಯರ್ಥವಾಗಿದೆ’ ಎಂದು ಬರೆದರು. ಇಬ್ಬರೂ ಸಹಿ ಹಾಕಿದರು.

ಜಗಲಿಯಲ್ಲಿ ಶರಣ್ಯಾ ಕೇಳಿದಳು, "ಒಂದು ಸಲ ಹೇಳಿ ಸರ್. ಇಲ್ಲಿ ಯಾರೂ ಇಲ್ಲ."

"ನಾನು ಇದ್ದೇನಲ್ಲ," ಎಂದರು ಭಟ್ಟರು.

ಮರುದಿನ ಹಾಜರಿ ಎರಡು ನಿಮಿಷದಲ್ಲಿ ಮುಗಿಯಿತು.

"ನಿನ್ನಿಂದಾಗಿ ನಾನು ನಂಬರ್ ಮೂವತ್ತಾದೆ ಮಾರಾಯ್ತಿ," ಎಂದಳು ಮಿಸ್ರಿಯಾ. "ಕೇಸ್ ಗೆದ್ದಿದ್ದೀಯಲ್ಲ, ಒಂದು ಐಸ್‌ಕ್ರೀಮ್ ಆದರೂ ಕೊಡಿಸು." ಆ ವಾರ ಅವಳು ನಗುತ್ತಿದ್ದಳು. ಮುಂದಿನ ವಾರ ನಗಲಿಲ್ಲ.

ನವೆಂಬರಿನಲ್ಲಿ ಅಶ್ವಿತ್‌ನ ಅಪ್ಪ ತೀರಿಕೊಂಡರು. ಉತ್ತರಕ್ರಿಯೆ ಮುಗಿಸಿ, ತಲೆ ಬೋಳಿಸಿಕೊಂಡು ಅವನು ತರಗತಿಗೆ ಬಂದ.

"ಆರು."

"ಎಸ್ ಸರ್."

ಭಟ್ಟರು ಅವನ ತಲೆ ನೋಡಿದರು. ಬಾಯಿ ತೆರೆದರು. ಆಮೇಲೆ ಶರಣ್ಯಾಳ ಕಡೆ ನೋಡಿದರು. ಒಬ್ಬನನ್ನು ಹೆಸರು ಹಿಡಿದು ಮಾತಾಡಿಸಿದರೆ ಅದೂ ತಾರತಮ್ಯ ಎಂದು ಅವಳಿಗೆ ಆಗ ಹೊಳೆಯಿತು.

"ಏಳು," ಎಂದರು ಭಟ್ಟರು.

ತನ್ನ ನಂಬರ್ ನಲವತ್ತೊಂದು ಬಂದಾಗ ಅವಳು ಎದ್ದು ನಿಂತಳು. "ಸರ್, ಬೇಕಾದರೆ ನನಗೊಬ್ಬಳಿಗೇ ನಂಬರ್ ಕರೆಯಿರಿ. ದೂರು ಕೊಡುವುದಿಲ್ಲ."

"ಇತ್ಯರ್ಥ ಆಗಿದೆಯಲ್ಲ," ಎಂದರು ಭಟ್ಟರು. "ಸಹಿ ಹಾಕಿದ್ದೇವೆ. ನಲವತ್ತೆರಡು."

ತರಗತಿಯಲ್ಲಿ ಐವತ್ತೆಂಟು ಮಂದಿ. ಹೋದದ್ದು ಐವತ್ತೇಳು ಹೆಸರು, ಐವತ್ತೆಂಟು ಊರು.